ಕಾಳ್ಗಿಚ್ಚೂ ದೂರದ ಕಣ್ಣೀರೂ

2024ನೆಯ ಇಸವಿಯ ಡಿಸೆಂಬರ 9ರ ರಾತ್ರಿ ಅಮೆರಿಕಾದ ಕ್ಯಾಲಿಫೋರ್ನಿಯಾ ಪ್ರಾಂತದ ಮಾಲಿಬು ಎಂಬಲ್ಲಿ ಹೊತ್ತಿದ ಕಾಳ್ಗಿಚ್ಚು ಪೆಪ್ಪರ್ಡೈನ್ ವಿಶ್ವವಿದ್ಯಾಲಯದ ಅಂಚಿನ ವರೆಗೂ ಬಂದಿತು. ವಿದ್ಯಾರ್ಥಿಗಳು ಗ್ರಂಥಾಲಯವನ್ನು ಹೊಕ್ಕು ಕುಳಿತರು. ಕಿಟಕಿಯ ಗಾಜಿನಾಚೆ ಗುಡ್ಡವೆಲ್ಲ ಕೆಂಪಾಗಿ ಉರಿಯುವ ಚಿತ್ರಗಳು ಆ ರಾತ್ರಿಯೇ ಭೂಮಂಡಲವನ್ನು ಸುತ್ತಿದವು. ಎಂದೋ ಅಲ್ಲಿ ಕಲಿತು ದೇಶಾಂತರಗಳಲ್ಲಿ ನೆಲೆಸಿದವರು ಅಂಗೈಯಗಲದ ದೂರವಾಣಿಯಲ್ಲಿ ಅವನ್ನು ನೋಡನೋಡುತ್ತ ಎದೆ ಒಡೆದುಕೊಂಡರು. ತಾನು ಓದಿದ ಮನೆಗೆ ಬೆಂಕಿ ಸಮೀಪಿಸುವುದನ್ನು ಕಂಡು ಸುಮ್ಮನಿರುವ ಕಲ್ಲೆದೆ ಯಾರಿಗಿದ್ದೀತು? ಆ ಸಂಕಟವು ನಿಜವಾದದ್ದೇ. ಆದರೆ ಆ ವಿದ್ಯಾಪೀಠವು ಉಳಿದದ್ದು ಅದರಿಂದಲ್ಲ. ಆವರಣದ ಸುತ್ತಲಿನ ಒಣಪೊದೆಗಳನ್ನು ಅಲ್ಲಿ ವರ್ಷವರ್ಷವೂ ಸವರಲಾಗುತ್ತದೆ. ಕಟ್ಟಡಗಳನ್ನು ಬೆಂಕಿ ಹತ್ತದ ಸಾಮಗ್ರಿಗಳಿಂದ ಕಟ್ಟಲಾಗಿದೆ. 2018ರ ನವಂಬರದಲ್ಲಿ ಇದಕ್ಕಿಂತ ಹಿರಿದಾದ ಬೆಂಕಿ ಬಂದಾಗಲೂ ಆ ಪೀಠವು ಉಳಿದದ್ದು ಹೀಗೆಯೇ. ಪೊದೆ ಸವರುವ ಕೂಲಿಯಾಳಿನ ಚಿತ್ರವನ್ನು ಯಾವ ಹಳೆಯ ವಿದ್ಯಾರ್ಥಿಯೂ ರಾತ್ರಿಯೆಲ್ಲ ಎಚ್ಚರಿದ್ದು ನೋಡಿದ್ದಿಲ್ಲ.

ಮಾಲಿಬುವಿನ ಮಾತು ಮುಂಡಗೋಡಕ್ಕೆ ಏತಕ್ಕೆ ಎಂದು ವಾಚಕರು ಕೇಳಬಹುದು. ಮುಂಡಗೋಡದಲ್ಲಿಯೂ ವಿಶ್ವವಿದ್ಯಾಲಯಗಳಿವೆ. ತಾಲೂಕಿನ ಎಷ್ಟೋ ಸುಶಿಕ್ಷಿತರು ಅವನ್ನು ಹೊನ್ನಗಳಶದ ದೇವಾಲಯಗಳೆಂದು ನೋಡಿ, ಅತಿಥಿಗಳಿಗೆ ತೋರಿಸಿ ಮರಳುವರಲ್ಲದೆ, ಅವು ವಿದ್ಯಾಪೀಠಗಳೆಂಬುದನ್ನು ಎಣಿಸುವುದೇ ಇಲ್ಲ. ಲ್ಹಾಸಾದ ಬಳಿ 1409ರಲ್ಲಿ ಸ್ಥಾಪಿತವಾದ ಗಾಂದೆನ್, 1416ರಲ್ಲಿ ಸ್ಥಾಪಿತವಾದ ದ್ರೆಪುಂಗ್, ಈ ಎರಡೂ ಮಹಾವಿಹಾರಗಳ ಭಿಕ್ಷುಗಳು 1959ರ ನಂತರ ದೇಶಭ್ರಷ್ಟರಾಗಿ ಬಂಗಾಲದ ಬಕ್ಸಾ ಕೋಟೆಯಲ್ಲಿ ಹತ್ತು ವರ್ಷ ಕಳೆದು, 1969ರ ಸುಮಾರಿಗೆ ಮುಂಡಗೋಡಕ್ಕೆ ಬಂದರು. ಅದಕ್ಕೆ ಮೂರು ವರ್ಷ ಮುಂಚೆ, 1966ರಲ್ಲಿ, ಆಗಿನ ಮೈಸೂರು ಸರಕಾರವು ಕೊಟ್ಟ ಕಾಡುಭೂಮಿಯಲ್ಲಿ ಟಿಬೆಟದ ನಿರಾಶ್ರಿತರು ಮರ ಕಡಿದು ಗೋವಿನಜೋಳ ಬಿತ್ತಿದ್ದರು. ಇಂದು ಅಲ್ಲಿಯ ಅಂಗಳಗಳಲ್ಲಿ ತರ್ಕಶಾಸ್ತ್ರದ ವಾಗ್ವಾದವು ಕೈಚಪ್ಪಾಳೆಯೊಡನೆ ನಡೆಯುತ್ತದೆ. ಗೆಶೆ ಎಂಬ ಪದವಿಗೆ ಹದಿನೈದು ಇಪ್ಪತ್ತು ವರ್ಷಗಳ ಅಧ್ಯಯನ ಬೇಕು. ಅಲ್ಲಿ ಕಲಿತವರು ಅಮೆರಿಕಾ ಯುರೋಪಗಳಲ್ಲಿ ಬೋಧಕರಾಗಿದ್ದಾರೆ. ಅಟ್ಲಾಂಟಾ ನಗರದ ಎಮರಿ ವಿಶ್ವವಿದ್ಯಾಲಯವು 1998ರಿಂದ ದ್ರೆಪುಂಗ್ ಲೋಸೆಲಿಂಗ್ ವಿಹಾರದೊಡನೆ ವಿದ್ಯಾಸಂಬಂಧವನ್ನು ಇಟ್ಟುಕೊಂಡಿದೆ. ಮುಂಡಗೋಡದ ಹಳೆಯ ವಿದ್ಯಾರ್ಥಿಯೆಂಬವನು ಹೀಗೆ ಭೂಮಿಯ ಮೇಲೆಲ್ಲ ಇರುವನು. ಇಲ್ಲಿಯ ಕನ್ನಡ ಶಾಲೆಗಳಲ್ಲಿ ಓದಿ ಧಾರವಾಡ ಬೆಂಗಳೂರುಗಳಿಗೆ ಹೋದವರನ್ನು ಸೇರಿಸಿದರೆ ಆ ಸಮುದಾಯವು ಇನ್ನೂ ಹಿರಿದಾಗುತ್ತದೆ.

ಇವರೆಲ್ಲರ ಹಳೆಯ ಮನೆಯ ಸುತ್ತ ಇರುವುದು ಸಾಗುವಾನಿಯ ಕಾಡು. ಮಾಘಮಾಸದ ಹೊತ್ತಿಗೆ ಸಾಗುವಾನಿಯು ಹಪ್ಪಳದಂಥ ಅಗಲವಾದ ಎಲೆಗಳನ್ನೆಲ್ಲ ಉದುರಿಸಿ ಬೋಳಾಗುತ್ತದೆ. ನೆಲದ ಮೇಲೆ ಮೊಳಕಾಲುದ್ದ ದರಕು, ಅದರ ಮೇಲೆ ಒಣಹುಲ್ಲು, ಎಡೆಯಲ್ಲಿ ಲಂಟಾನದ ಪೊದೆ, ಮಧ್ಯಾಹ್ನಕ್ಕೆ ಗಾಳಿ. ಬೀಡಿಯ ಒಂದು ತುಂಡು ಸಾಕು. ಕ್ಯಾಲಿಫೋರ್ನಿಯಾದ ಬೆಂಕಿಯಂತೆ ಈ ಬೆಂಕಿಯು ಮರದ ತಲೆಯಿಂದ ತಲೆಗೆ ಹಾರುವುದು ಅಪರೂಪ. ಇದು ನೆಲಬೆಂಕಿ. ದೊಡ್ಡ ಮರಗಳು ಕಪ್ಪಾಗಿ ಉಳಿಯುತ್ತವೆ. ಸಸಿಗಳೂ ಬೀಜಗಳೂ ನೆಲದ ಹಕ್ಕಿಗಳ ಮೊಟ್ಟೆಗಳೂ ಹೋಗುತ್ತವೆ. ಮಳೆ ಬಿದ್ದ ಮೇಲೆ ಎಲ್ಲವೂ ಹಸುರಾಗುವುದರಿಂದ ನೋಡುವವನಿಗೆ ಏನೂ ಆಗಿಲ್ಲವೆನಿಸುತ್ತದೆ. ಹತ್ತಾರು ಬೇಸಗೆಗಳಲ್ಲಿ ಹೀಗಾದ ಕಾಡಿನಲ್ಲಿ ಮುದಿಮರಗಳಿರುತ್ತವೆ, ಮಕ್ಕಳಿರುವುದಿಲ್ಲ.

ಬೆಂಕಿ ಬಿದ್ದ ಮರುದಿನ ವರ್ತಮಾನಪತ್ರಗಳಲ್ಲಿ ಒಂದೇ ಶಬ್ದ ಬರುವುದುಂಟು: ಕಿಡಿಗೇಡಿಗಳು. ಕಿಡಿಗೇಡಿಗಳು ಹಚ್ಚಿದರು, ಶೋಧ ನಡೆದಿದೆ, ಇಷ್ಟೇ. ಬೆಂಕಿಗೆ ಇಷ್ಟು ಒಪ್ಪುವ ಶಬ್ದವನ್ನು ಭಾಷೆಯು ಮೊದಲೇ ಸಿದ್ಧಮಾಡಿ ಇಟ್ಟುಬಿಟ್ಟದ್ದು ಒಂದು ದುರದೃಷ್ಟವೇ ಸರಿ. ಏಕೆಂದರೆ ಅದು ವಿಚಾರವನ್ನು ಅಲ್ಲಿಗೇ ನಿಲ್ಲಿಸುತ್ತದೆ. ಜೇನು ಇಳಿಸುವವನು, ಹೊಸ ಹುಲ್ಲಿನ ಆಸೆಯ ದನಗಾಹಿ, ಬೇಟೆಗಾರ, ಗದ್ದೆಯ ಬದು ಸುಡುವ ರೈತ, ದಾರಿಹೋಕ, ಇವರಲ್ಲಿ ಯಾರಾದರೂ ಕಿಡಿಗೆ ಕಾರಣರಾಗಿರಬಹುದು. ಮನುಷ್ಯನ ಕೈಯಿಲ್ಲದೆ ಈ ಕಾಡುಗಳಿಗೆ ಬೆಂಕಿ ಬೀಳುವುದು ವಿರಳವೆಂಬುದೂ ದಿಟ. ಆದರೆ ಕಿಡಿಯನ್ನು ಎಸೆದವನು ಒಬ್ಬನಾದರೆ ದರಕನ್ನು ಮೊಳಕಾಲುದ್ದ ಬೆಳೆಯಗೊಟ್ಟವರು ಯಾರು?

ಹಿಂದೆ ಈ ಸೀಮೆಯ ರೈತನು ದರಕು ಗುಡಿಸಿ ಕೊಟ್ಟಿಗೆಗೆ ಹಾಸುತ್ತಿದ್ದನು, ಗೊಬ್ಬರ ಮಾಡುತ್ತಿದ್ದನು. ಗೌಳಿಗರ ಎಮ್ಮೆಗಳು ಹುಲ್ಲನ್ನು ಮೇಯುತ್ತಿದ್ದವು. ಕಾಡಿನ ಬೆಂಕಿಯನ್ನು ಬೇಸಗೆಗೆ ಮುಂಚೆ ಎಲ್ಲಿ ಎಷ್ಟು ಹಚ್ಚಬೇಕು, ಎಲ್ಲಿ ಹಚ್ಚಬಾರದು ಎಂಬ ಅರಿವು ಕುಮರಿ ಮಾಡುತ್ತಿದ್ದವರಿಗಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆಂಗ್ಲ ಸರಕಾರವು ಸಾಗುವಾನಿಯ ಆಸೆಯಿಂದ ಕುಮರಿಯನ್ನು ಅದುಮಿ, ಕಾಡಿಗೆ ಬೇಲಿಗೀಟು ಹಾಕಿತು. ಮುಂಬಯಿ ಇಲಾಖೆಯ ಕಾಲದಲ್ಲಿ ಇಲ್ಲಿ ನಡೆಯುತ್ತಿದ್ದ 1927ರ ಅರಣ್ಯ ಕಾನೂನು ಹಳ್ಳಿಗನನ್ನು ಬೆಂಕಿಯ ಸಂಬಂಧದಲ್ಲಿ ಎರಡೇ ಸಲ ನೆನೆಯುತ್ತದೆ: ಬೆಂಕಿ ಹಚ್ಚಿದರೆ ಶಿಕ್ಷೆಗೆ, ಬೆಂಕಿ ಹತ್ತಿದರೆ ಆರಿಸುವ ಬಿಟ್ಟಿಗೆ. ಕಾಡಿನಲ್ಲಿ ಹಕ್ಕುಳ್ಳವನು ಕರೆಯದೆಯೂ ಓಡಿಬಂದು ಬೆಂಕಿಯಾರಿಸಬೇಕೆಂದು ಅದು ವಿಧಿಸಿತು. ಆದರೆ ಬೆಂಕಿಗೆ ಮುಂಚಿನ ಹತ್ತು ತಿಂಗಳು ಅವನು ಆ ಕಾಡಿಗೆ ಏನಾಗಿರಬೇಕೆಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಇದಕ್ಕೆ ಪ್ರತಿವಾದವುಂಟು, ಅದು ಹಗುರವಾದದ್ದೂ ಅಲ್ಲ. ದರಕು ಕಾಡಿನ ಅನ್ನ, ಅದನ್ನೆಲ್ಲ ಗುಡಿಸಿ ಒಯ್ದರೆ ಮಣ್ಣು ಬಡವಾಗುತ್ತದೆ ಎಂದು ಅರಣ್ಯಶಾಸ್ತ್ರಜ್ಞರು ಹೇಳುವರು. ದಟ್ಟವಾದ ಹಸುರು ಕಾಡಿಗೆ ಆ ಮಾತು ಪೂರ್ಣ ಸಲ್ಲುತ್ತದೆ. ಊರಂಚಿನ, ದಾರಿಯಂಚಿನ, ವಿಹಾರದಂಚಿನ ಸಾಗುವಾನಿಯ ನೆಡುತೋಪಿಗೆ ಅದು ಎಷ್ಟು ಸಲ್ಲುತ್ತದೆ? ಗುಡಿಸದೆ ಬಿಟ್ಟ ಆ ಅನ್ನವನ್ನು ಮಣ್ಣು ಉಣ್ಣುವುದಕ್ಕೆ ಮುಂಚೆಯೇ ಬೆಂಕಿ ಉಣ್ಣುತ್ತದಲ್ಲವೆ? ಇಲಾಖೆಯೂ ಜನವರಿಯಲ್ಲಿ ಬೆಂಕಿರೇಖೆಗಳನ್ನು ಸವರಿ, ದಿನಗೂಲಿಯ ಕಾವಲುಗಾರರನ್ನು ನೇಮಿಸುತ್ತದೆ. ಹಸಿರು ಟೊಂಗೆಯಿಂದ ಬಡಿದು ಬೆಂಕಿಯಾರಿಸುವ ಆ ಬಡವರ ಸಾಹಸಕ್ಕೆ ತಲೆಬಾಗಲೇಬೇಕು. ಉಪಗ್ರಹವು ಕಂಡ ಬೆಂಕಿಯ ಸುದ್ದಿಯು 2004ರಿಂದ ಇಲಾಖೆಗೆ ಬರುತ್ತಲೂ ಇದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ 10,000 ಎಕರೆಗೂ ಮಿಕ್ಕಿ ಸುಟ್ಟಾಗ ವಾಯುಸೇನೆಯ ಹೆಲಿಕಾಪ್ಟರುಗಳು ನೀರು ಸುರಿದವು. ಅವು ಬಂದದ್ದು ಬೆಂಕಿ ಹತ್ತಿ ನಾಲ್ಕೈದು ದಿನಗಳ ಮೇಲೆ. ಆಕಾಶದಲ್ಲಿ ಇಷ್ಟೆಲ್ಲ ಕಣ್ಣುಗಳಿದ್ದು ನೆಲದ ಮೇಲೆ ಕೈಗಳಿಲ್ಲದ ರಕ್ಷಣೆಯಿದು.

ಕೈಗಳ ಬೆಲೆ ಏನೆಂಬುದನ್ನು ಒಂದು ಬೌದ್ಧ ವಿಹಾರವೇ ತೋರಿಸಿದೆ. ಕ್ಯಾಲಿಫೋರ್ನಿಯಾದ ಟಸಹಾರಾ ಎಂಬ ಕಣಿವೆಯಲ್ಲಿ 1967ರಲ್ಲಿ ಸ್ಥಾಪಿತವಾದ ಜೆನ್ ಮಠವಿದೆ. 2008ರ ಜುಲೈ 10ರಂದು ಬೆಂಕಿಯು ಅದನ್ನು ಎಲ್ಲ ದಿಕ್ಕುಗಳಿಂದಲೂ ಮುತ್ತಿತು. ಸರಕಾರದ ಅಗ್ನಿಶಾಮಕರು ಅಲ್ಲಿರಲಿಲ್ಲ. ಮಠವನ್ನು ತೆರವು ಮಾಡಲಾಗಿತ್ತು. ಹೊರಟವರಲ್ಲಿ ಐವರು ಭಿಕ್ಷುಗಳು ದಾರಿಯಿಂದ ಹಿಂದಿರುಗಿದರು. ವಾರಗಟ್ಟಲೆ ಮುಂಚೆಯೇ ಪೊದೆಗಳನ್ನು ಸವರಿದ್ದರು, ಛಾವಣಿಗಳ ಮೇಲೆ ನೀರಿನ ಕೊಳವೆಗಳನ್ನು ಹಾಯಿಸಿದ್ದರು. ಕೆಲವು ಸಣ್ಣ ಕಟ್ಟಡಗಳು ಹೋದವು, ಮಠ ಉಳಿಯಿತು. ಇದನ್ನು ಪವಾಡವೆಂದು ಕೊಂಡಾಡುವುದು ಸುಲಭ. ಆ ಕಣಿವೆಯ ತೊರೆ ಎಲ್ಲಿದೆ, ಗಾಳಿ ಯಾವ ಕಡೆ ತಿರುಗುತ್ತದೆ ಎಂಬುದು ಅಲ್ಲಿ ಬಾಳಿದವರಿಗೆ ಗೊತ್ತಿತ್ತೆಂಬುದೇ ಅದರೊಳಗಿನ ಸಂಗತಿ.

ಮುಂಡಗೋಡದ ಹಳ್ಳಿಗನಿಗೂ ಅಂಥದೇ ಅರಿವುಂಟು. ಅವನಿಗಿಲ್ಲದ್ದು ಅಧಿಕಾರ. 2006ರ ಅರಣ್ಯ ಹಕ್ಕುಗಳ ಕಾನೂನು ಗ್ರಾಮಸಭೆಗೆ ಸಮುದಾಯದ ಕಾಡನ್ನು ಕಾಯುವ ಹಕ್ಕನ್ನು ಕೊಟ್ಟಿದೆ. ಆ ಹಕ್ಕನ್ನು ಕೈಗೆ ತಂದುಕೊಳ್ಳುವ ಕೆಲಸದಲ್ಲಿ ಓದಿದ ಮನೆತನಗಳು ಎಷ್ಟು ನೆರವಾಗಿವೆ? ಅರ್ಜಿ ಬರೆಯಬಲ್ಲವರು, ಕಚೇರಿಯ ಮೆಟ್ಟಿಲು ಹತ್ತಬಲ್ಲವರು ಅವರೇ. ಹೊಗೆಯ ಚಿತ್ರಕ್ಕೆ ಮರುಗಿ ಪರಿಹಾರನಿಧಿಗೆ ಹಣ ಕಳಿಸುವ ಹಳೆಯ ವಿದ್ಯಾರ್ಥಿಯು, ವಿಹಾರದವನಾಗಲಿ ಹೈಸ್ಕೂಲಿನವನಾಗಲಿ, ಅದೇ ಹಣವನ್ನು ಪುಷ್ಯಮಾಸದಲ್ಲಿ ಕಳಿಸಲಿ. ಊರಂಚಿನ ದರಕು ಗುಡಿಸುವವರ ಕೂಲಿಗೆ ಕಳಿಸಲಿ, ಕಾವಲುಗಾರನ ಪಾದರಕ್ಷೆಗೆ ಕಳಿಸಲಿ. ಗುಡಿಸಿದ ದರಕನ್ನು ಸುತ್ತಲಿನ ಕೊಟ್ಟಿಗೆಗಳಿಗೆ ಒಯ್ಯಲು ರೈತನಿಗೆ ಇಲಾಖೆಯು ಅಡ್ಡಿಮಾಡದಿರಲೆಂದು ಪಂಚಾಯತಿಯ ಮೂಲಕ ಕೇಳಲಿ. ಟಿಬೆಟಿ ಶಿಬಿರಗಳವರೂ ನೆರೆಯ ಹಳ್ಳಿಗಳವರೂ ಶಿವರಾತ್ರಿಗೆ ಮುಂಚೆ ಕೂಡಿ ಒಂದೇ ಬೆಂಕಿರೇಖೆಯನ್ನು ಸವರಬಾರದೆಂದು ಯಾವ ಕಾನೂನಿನಲ್ಲಿಯೂ ಬರೆದಿಲ್ಲ.