ಕಾರಿನ ಹಿಂದೆ ಕಟ್ಟಿದ ಮನೆ

ಹೋದ ವರ್ಷ ಬೇಸಿಗೆಯಲ್ಲಿ ನಾನೂ ನಮ್ಮಾಕೆಯೂ ಅಮೆರಿಕದ ಮಿನೆಸೋಟದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಹೋದ ಎರಡನೇ ದಿನವೇ ಮೊಮ್ಮಗಳು ಪುಟ್ಟಿ ನನ್ನ ಕೈ ಹಿಡಿದು ಬೀದಿಗೆ ಎಳೆದುಕೊಂಡು ಹೋಗಿ, ಪಕ್ಕದ ಮನೆಯ ಮುಂದೆ ನಿಂತಿದ್ದ ದೊಡ್ಡದೊಂದು ಬಿಳಿ ಡಬ್ಬಿಯನ್ನು ತೋರಿಸಿದಳು. ಎರಡು ಚಕ್ರ, ಒಂದು ಬಾಗಿಲು, ಕಿಟಕಿಗೆ ಹೂವಿನ ಪರದೆ.

"ತಾತ, ಇದು ಮನೆ. ಕಾರಿನ ಹಿಂದೆ ಕಟ್ಟಿಕೊಂಡು ಹೋಗೋದು. ಅಪ್ಪ ನಮಗೂ ಒಂದು ತರ್ತಾರೆ!"

ಅಲ್ಲಿ ಇದಕ್ಕೆ ಟ್ರಾವೆಲ್ ಟ್ರೈಲರ್ ಎನ್ನುತ್ತಾರೆ. ಇದಕ್ಕೆ ಎಂಜಿನ್ ಇಲ್ಲ. ಒಳಗೆ ಮಂಚ, ಒಲೆ, ಪುಟ್ಟ ಫ್ರಿಜ್, ನೀರಿನ ತೊಟ್ಟಿ ಇರುತ್ತವೆ. ಕೆಲವದರಲ್ಲಿ ಬಚ್ಚಲೂ ಉಂಟು. ಶಾಲೆಗೆ ರಜೆ ಬಂತೆಂದರೆ ಜನ ಇದನ್ನು ಎಳೆದುಕೊಂಡು ಕಾಡು, ಸರೋವರ ಎಂದು ಹೊರಟುಬಿಡುತ್ತಾರೆ. ಓಡುವಾಗ ಒಳಗೆ ಮಲಗಿಕೊಂಡು ಹೋಗಬಹುದೇ ಎಂದು ನೀವು ಕೇಳುತ್ತೀರಿ, ಗೊತ್ತು. ನಾನೂ ಅದನ್ನೇ ಕೇಳಿದೆ. ಕೂಡದಂತೆ. ಎಲ್ಲರೂ ಕಾರಿನಲ್ಲೇ ಬೆಲ್ಟ್ ಹಾಕಿಕೊಂಡು ಕೂರಬೇಕು.

ಅಳಿಯಂದಿರು ಆಗಲೇ ಒಂದು ಸೆಕೆಂಡ್ ಹ್ಯಾಂಡ್ ಟ್ರೈಲರ್ ನೋಡಿಟ್ಟಿದ್ದರು. ಬೇರೆ ಯಾರಾದರೂ ಕೊಂಡುಬಿಟ್ಟಾರು ಎಂದು 500 ಡಾಲರ್ ಮುಂಗಡವನ್ನೂ ಕೊಟ್ಟಾಗಿತ್ತು. ಭಾನುವಾರ ನಾವೆಲ್ಲ ಅದನ್ನು ನೋಡಲು ಹೋದೆವು. ಹೊರಗೆ ಥಳಥಳ. ಒಳಗೆ ಗೋಡೆಗೆ ಹೊಸದಾಗಿ ಅಂಟಿಸಿದ ಬಣ್ಣದ ಕಾಗದ, ಮೂಲೆಯಲ್ಲಿ ಒಂದರ ಮೇಲೊಂದು ಪುಟ್ಟ ಮಂಚಗಳು. ಪುಟ್ಟಿ ಮೇಲಿನ ಮಂಚ ತನ್ನದೆಂದು ಅಲ್ಲೇ ಘೋಷಿಸಿಬಿಟ್ಟಳು. ನಾನೂ ತಲೆದೂಗಿದೆ. ನಮ್ಮಾಕೆ ಮಾತ್ರ ಬಾಗಿಲಲ್ಲೇ ನಿಂತು ಮೂಗು ಅರಳಿಸುತ್ತಿದ್ದಳು.

"ರೀ, ಸೆಂಟಿನ ವಾಸನೆ ಇದೆ, ನಿಜ. ಅದರ ಕೆಳಗೆ ಇನ್ನೊಂದು ವಾಸನೆ ಇದೆ. ಮಳೆಗಾಲದಲ್ಲಿ ಅಟ್ಟದ ಮೇಲಿಟ್ಟ ಹಾಸಿಗೆ ಬಿಚ್ಚಿದರೆ ಬರುತ್ತಲ್ಲ, ಆ ಮುಗ್ಗಲು ವಾಸನೆ."

ಅಷ್ಟರಲ್ಲಿ ಮಂಚದಿಂದ ಧುಮುಕಿದ ಪುಟ್ಟಿ, "ತಾತ, ಇಲ್ಲಿ ನೆಲ ಸ್ಪಾಂಜ್ ಥರ ಇದೆ" ಎಂದಳು. ನಾನು ಹೋಗಿ ಕಾಲಿಟ್ಟೆ. ಹಿಂದಿನ ಮೂಲೆಯಲ್ಲಿ ನೆಲ ಮೆತ್ತಗೆ ಒಳಕ್ಕೆ ಹೋಗುತ್ತಿತ್ತು. ಅಳಿಯಂದಿರು ಮಂಚದ ಕೆಳಗಿನ ಬೀರು ತೆಗೆದು ಟಾರ್ಚ್ ಬಿಟ್ಟರು. ಹೊಸ ಕಾಗದ ಅಲ್ಲಿಯವರೆಗೆ ಬಂದಿರಲಿಲ್ಲ. ಹಲಗೆ ಕಪ್ಪಾಗಿ, ಉಗುರಿನಲ್ಲಿ ಕೆರೆದರೆ ಪುಡಿಪುಡಿಯಾಗಿ ಉದುರುತ್ತಿತ್ತು.

ಇದು ಹೇಗಾಗುತ್ತದೆ ಎಂದು ಸ್ವಲ್ಪ ನಿಧಾನವಾಗಿ ಹೇಳಬೇಕು. ಇಂಥ ಟ್ರೈಲರುಗಳಲ್ಲಿ ಬಹುಪಾಲಿನವು ಮರದ ಅಥವಾ ಅಲ್ಯೂಮಿನಿಯಂ ಚೌಕಟ್ಟು ಕಟ್ಟಿ, ಮೇಲೆ ತಗಡು ಹೊಡೆದೋ ತೆಳುವಾದ ಹಾಳೆಗಳನ್ನು ಅಂಟಿಸಿಯೋ ಮಾಡಿದಂಥವು. ಗೋಡೆಯೂ ಸೂರೂ ಸೇರುವಲ್ಲಿ ಸಂದು. ಕಿಟಕಿಯ ಸುತ್ತ ಸಂದು. ಸೂರಿನ ಮೇಲಿನ ಗಾಳಿಕಿಂಡಿಯ ಸುತ್ತ ಸಂದು. ಇವಕ್ಕೆಲ್ಲ ಮೇಣದಂಥ ಅಂಟು ಬಳಿದಿರುತ್ತಾರೆ. ಬಿಸಿಲಿಗೆ ಅದು ಒಣಗಿ ಬಿರುಕು ಬಿಡುತ್ತದೆ. ವರ್ಷಕ್ಕೊಮ್ಮೆಯಾದರೂ ಏಣಿ ಹತ್ತಿ ನೋಡಿ ಮತ್ತೆ ಬಳಿಯಬೇಕು. ನೋಡದಿದ್ದರೆ ಕೂದಲೆಳೆಯಷ್ಟು ಬಿರುಕಿನಲ್ಲಿ ಮಳೆನೀರು ಒಸರುತ್ತದೆ. ಮಿನೆಸೋಟದ ಚಳಿಗಾಲವೆಂದರೆ ಸೊನ್ನೆಗಿಂತ 20 ಡಿಗ್ರಿ ಕೆಳಕ್ಕೂ ಇಳಿಯುವ ಚಳಿ. ನೀರು ಮಂಜುಗಡ್ಡೆಯಾಗುವಾಗ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ ಎಂದು ಶಾಲೆಯಲ್ಲಿ ಓದಿದ್ದೀರಲ್ಲ, ಆ ಪಾಠ ಇಲ್ಲಿ ಕೆಲಸ ಮಾಡುತ್ತದೆ. ಸಂದಿನಲ್ಲಿ ಕೂತ ನೀರು ಹೆಪ್ಪುಗಟ್ಟಿ ಸಂದನ್ನು ಇನ್ನಷ್ಟು ಅಗಲ ಮಾಡುತ್ತದೆ. ಮರುವರ್ಷ ಅದೇ ದಾರಿಯಲ್ಲಿ ಇನ್ನಷ್ಟು ನೀರು. ಗೋಡೆಯೊಳಗಿನ ಮರ ಕೊಳೆಯುವುದು ಹೊರಗಿನವರಿಗೆ ಕಾಣುವುದೇ ಇಲ್ಲ. ಅಂಟಿಸಿದ ಗೋಡೆಯಾದರೆ ಹೊರಮೈ ಪೂರಿಯ ಹಾಗೆ ಅಲ್ಲಲ್ಲಿ ಉಬ್ಬುತ್ತದೆ. ಓರೆಯಾಗಿ ನಿಂತು ಬೆಳಕಿಗೆ ನೋಡಿದರೆ ಗೊತ್ತಾಗುತ್ತದೆ.

ಮುಂಗಡ ವಾಪಸು ಬರಲಿಲ್ಲ. ಮಾರುವವರು, "ನೀವೇ ನೋಡಿ ಒಪ್ಪಿಕೊಂಡಿದ್ದಿರಿ" ಎಂದರು. ಕಾರಿನಲ್ಲಿ ಮನೆ ಮುಟ್ಟುವವರೆಗೂ ಯಾರೂ ಮಾತಾಡಲಿಲ್ಲ.

ಆ ರಾತ್ರಿ ಅಳಿಯಂದಿರು ಲೆಕ್ಕ ಹಾಕಲು ಕುಳಿತರು. ಕೊಳೆಯದಿದ್ದರೂ ಆ ಟ್ರೈಲರ್ ನಮ್ಮದಾಗುವಂತಿರಲಿಲ್ಲ ಎಂದು ಆಗ ತಿಳಿಯಿತು. ಅವರ ವ್ಯಾನ್ ಎಳೆಯಬಹುದಾದ ಗರಿಷ್ಠ ತೂಕ 3,500 ಪೌಂಡ್, ಅಂದರೆ ಸುಮಾರು 1,590 ಕಿಲೋ. ಜಾಹೀರಾತಿನಲ್ಲಿದ್ದ ಟ್ರೈಲರಿನ ತೂಕ 2,900 ಪೌಂಡ್. ಸಾಕಲ್ಲ ಎನಿಸುತ್ತದೆ. ಆದರೆ ಅದು ಬರಿದಾದ ಟ್ರೈಲರಿನ ತೂಕ. ಪುಟ್ಟಿಗೆ ಪೆನ್ಸಿಲ್ ಕೊಟ್ಟು ಕೂಡಿಸಲು ಹೇಳಿದೆವು. 30 ಗ್ಯಾಲನ್ ನೀರಿಗೆ 250 ಪೌಂಡ್. ತುಂಬಿದ ಎರಡು ಗ್ಯಾಸ್ ಸಿಲಿಂಡರಿಗೆ 75. ಬ್ಯಾಟರಿಗೆ 55. ಹಾಸಿಗೆ, ಪಾತ್ರೆ, ಕುರ್ಚಿ, ಅಕ್ಕಿಬೇಳೆ, ಐದು ಜನರ ಬಟ್ಟೆಬರೆ ಎಲ್ಲ ಸೇರಿ 300 ಎಂದು ಅಂದಾಜು. ಮೊತ್ತ 3,580. ಅದರ ಮೇಲೆ, ವ್ಯಾನಿನಲ್ಲಿ ಜನ ಹೆಚ್ಚಾದಷ್ಟೂ ಎಳೆಯುವ ತೂಕ ಕಡಿಮೆ ಮಾಡಬೇಕೆಂದು ವ್ಯಾನಿನ ಪುಸ್ತಕದಲ್ಲೇ ಬರೆದಿತ್ತು. ನಾವು ಐದು ಜನ.

"ಮಾವ, ಇದನ್ನು ನಾನು ಮುಂಗಡ ಕೊಡೋ ಮೊದಲೇ ಮಾಡಬೇಕಿತ್ತು," ಎಂದರು ಅಳಿಯಂದಿರು.

ಟ್ರೈಲರಿನ ಹೊರಗೆ, ಎಡಬದಿಯ ಮುಂಭಾಗದಲ್ಲಿ ಒಂದು ಚೀಟಿ ಅಂಟಿಸಿರುತ್ತದೆ. ಸಾಮಾನು ಸಮೇತ ಅದು ಎಷ್ಟು ತೂಗಬಹುದು ಎಂಬ ಮಿತಿ ಅದರಲ್ಲಿದೆ. ಬರಿ ತೂಕವನ್ನಲ್ಲ, ಆ ಸಂಖ್ಯೆಯನ್ನು ವ್ಯಾನಿನ ಮಿತಿಯೊಂದಿಗೆ ಹೋಲಿಸಿದರೆ ಮೋಸವಿಲ್ಲ. ಮಿನೆಸೋಟದಲ್ಲಿ ಒಟ್ಟು ತೂಕ 3,000 ಪೌಂಡ್ ಮುಟ್ಟಿದರೆ ಟ್ರೈಲರಿಗೂ ತನ್ನದೇ ಬ್ರೇಕ್ ಇರಬೇಕೆಂಬ ಕಾನೂನೂ ಇದೆ.

ಇನ್ನೊಂದು ವಿಷಯ ನನಗೆ ಅಳಿಯಂದಿರಿಗಿಂತ ಮೊದಲೇ ಗೊತ್ತಿತ್ತು ಎಂದು ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ. ಮಂಡ್ಯದ ಕಡೆಯ ನಮ್ಮೂರಿನಲ್ಲಿ ನಮ್ಮಪ್ಪ ಎತ್ತಿನ ಗಾಡಿಗೆ ಕಬ್ಬು ಹೇರುವಾಗ ಒಬ್ಬ ಹುಡುಗನನ್ನು ಮೂಕಿಯ ಹತ್ತಿರ ನಿಲ್ಲಿಸುತ್ತಿದ್ದರು. ಆ ಹುಡುಗ ನಾನು. ಹೊರೆ ಹಿಂಭಾರವಾದರೆ ಮೂಕಿ ಮೇಲಕ್ಕೆ ಏಳುತ್ತದೆ, ನೊಗ ಎತ್ತುಗಳ ಕೊರಳನ್ನು ಎತ್ತುತ್ತದೆ. ಹೆಚ್ಚು ಮುಂಭಾರವಾದರೆ ಎತ್ತುಗಳ ಹೆಗಲು ಕಿತ್ತುಹೋಗುತ್ತದೆ. ಟ್ರೈಲರಿನದೂ ಅದೇ ಲೆಕ್ಕ. ಅದರ ಮೂತಿ ವ್ಯಾನಿನ ಕೊಂಡಿಯ ಮೇಲೆ ಒಟ್ಟು ತೂಕದ ನೂರಕ್ಕೆ 10ರಿಂದ 15ರಷ್ಟು ಒತ್ತಬೇಕು. ಕಡಿಮೆಯಾದರೆ ಹೆದ್ದಾರಿಯಲ್ಲಿ ಟ್ರೈಲರ್ ಬಾಲ ಅಲ್ಲಾಡಿಸಲು ಶುರುಮಾಡುತ್ತದೆ. ವೇಗ ಹೆಚ್ಚಿದ್ದರೆ ವ್ಯಾನನ್ನೂ ಉರುಳಿಸಬಲ್ಲದು. ಆದ್ದರಿಂದ ಭಾರದ ಸಾಮಾನು ಕೆಳಗೆ, ಚಕ್ರಗಳಿಗಿಂತ ತುಸು ಮುಂದೆ.

ಹೊಸದನ್ನೇ ಕೊಳ್ಳಬಹುದಲ್ಲ ಎಂದು ಮಗಳು ಕೇಳಿದಳು. ಹೊಸದಕ್ಕೆ ಗ್ಯಾರಂಟಿ ಇದೆ, ನಿಜ. ಆದರೆ ಅಂಗಡಿಯಿಂದ ಹೊರಬಿದ್ದ ದಿನವೇ ಬೆಲೆ ಇಳಿಯಲು ಶುರು. ಹೊಸದರಲ್ಲೂ ಸರಿಯಾಗಿ ಕೂರದ ಕಿಟಕಿ, ಸಡಿಲ ಪೈಪು ಇರಬಹುದು. ಬೀರುಗಳ ಬಾಗಿಲು ತೆಗೆದು ಒಳಗಿನ ಕೆಲಸ ನೋಡದೆ ಅದನ್ನೂ ಕೊಳ್ಳಬಾರದು. ನನ್ನ ಅಭಿಪ್ರಾಯ ಕೇಳಿದರೆ, ಚೆನ್ನಾಗಿ ನೋಡಿಕೊಂಡ ಹಳೆಯದೇ ವಾಸಿ. ಆದರೆ ಮಳೆ ಬಂದ ಮಾರನೆಯ ದಿನ ಹೋಗಿ ನೋಡಬೇಕು.

ಕೊನೆಗೆ ನಮಗೆ ಸಿಕ್ಕಿದ್ದು ಫೈಬರ್‌ಗ್ಲಾಸಿನ ಸ್ಕ್ಯಾಂಪ್, 13 ಅಡಿಯದು. ಮಿನೆಸೋಟದಲ್ಲೇ, ಬ್ಯಾಕಸ್ ಎಂಬ ಪುಟ್ಟ ಊರಿನಲ್ಲಿ ತಯಾರಾಗುತ್ತದೆ. ಅಚ್ಚಿನಲ್ಲಿ ಎರಡು ಚಿಪ್ಪು ಮಾಡಿ, ತೆಂಗಿನಕಾಯಿಯ ಎರಡು ಹೋಳನ್ನು ಬಾಯಿಗೆ ಬಾಯಿ ಕೂಡಿಸಿದ ಹಾಗೆ ಜೋಡಿಸುತ್ತಾರೆ. ಸೊಂಟದ ಸುತ್ತ ಒಂದೇ ದೊಡ್ಡ ಸಂದು. ಸೂರಿಗೂ ಗೋಡೆಗೂ ನಡುವೆ ಸಂದೇ ಇಲ್ಲ. ಇಂಥ ಮೊಟ್ಟೆಯಾಕಾರದ ಟ್ರೈಲರನ್ನು 1968ರಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ರೇ ಒಲೆಕೊ ಎಂಬವರು ಬೋಲರ್ ಎಂಬ ಹೆಸರಿನಲ್ಲಿ ತಂದರು. ಅದಕ್ಕೂ ಮೊದಲು ಅವರು ಫೈಬರ್‌ಗ್ಲಾಸಿನಲ್ಲಿ ಏನು ಮಾಡಿದ್ದರು ಗೊತ್ತೇ? ಕಕ್ಕಸಿನ ಗುಂಡಿಗೆ ಇಡುವ ಸೆಪ್ಟಿಕ್ ಟ್ಯಾಂಕ್! ಇದನ್ನು ಕೇಳಿ ಪುಟ್ಟಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನೀರು ಹೊರಬಿಡದ ತೊಟ್ಟಿ ಮಾಡಬಲ್ಲವನು ನೀರು ಒಳಬಿಡದ ಮನೆ ಮಾಡಿದ್ದರಲ್ಲಿ ನನಗೇನೂ ಆಶ್ಚರ್ಯವಿಲ್ಲ.

ಹಾಗೆಂದು ಕಣ್ಣು ಮುಚ್ಚಿ ಕೊಳ್ಳಲಿಲ್ಲ. ಚಿಪ್ಪು ಕೊಳೆಯದು, ಆದರೆ ನೆಲ ಮರದ್ದೇ. ಚಿಪ್ಪಿನಲ್ಲಿ ಹೊಡೆದ ರಿವೆಟ್‌ಗಳ ಸುತ್ತಲೂ ನೀರು ಇಳಿಯಬಹುದು. ಈ ಸಲ ಪುಟ್ಟಿಯನ್ನು ಬೇಕೆಂದೇ ಮೂಲೆಮೂಲೆಗೂ ಕುಣಿಸಿದೆವು. ನಮ್ಮಾಕೆ ಎಲ್ಲ ಬೀರುಗಳನ್ನೂ ಮೂಸಿ ನೋಡಿದಳು. ಮಾರುತ್ತಿದ್ದ ಅಜ್ಜಿ ಇದನ್ನೆಲ್ಲ ನೋಡಿ ಬೇಸರಪಡಲಿಲ್ಲ. ತಾನೇ ಹೊರಗೆ ಹೋಗಿ ಕೊಳವೆ ಹಿಡಿದು ಸೂರಿನ ಮೇಲೆ ಹತ್ತು ನಿಮಿಷ ನೀರು ಬಿಟ್ಟಳು. ಒಂದು ಕಿಟಕಿಯ ಕೆಳಗೆ ಮಾತ್ರ ಹನಿ ಕಂಡಿತು. ಅಷ್ಟಕ್ಕೆ ಬೆಲೆ ಇಳಿಸಿದಳು. ಟೈರಿನ ಮೈಮೇಲೆ ಕೊನೆಗೆ ನಾಲ್ಕು ಅಂಕೆಗಳಿದ್ದವು, 2314. ಹಾಗೆಂದರೆ 2014ರ 23ನೇ ವಾರದಲ್ಲಿ ಮಾಡಿದ ಟೈರ್. ಹೊಸದರಂತೆ ಕಂಡರೂ ಅದರ ಆಯಸ್ಸು ಮುಗಿದಿತ್ತು. ಮನೆಗೆ ತಂದ ಕೂಡಲೇ ಟೈರ್ ಬದಲಾಯಿಸಿದೆವು.

ಪುಟ್ಟಿಯ ಮುಖ ಬಾಡಿತ್ತು ಎಂದು ಒಪ್ಪಿಕೊಳ್ಳಬೇಕು. ಆಸೆಪಟ್ಟಿದ್ದ ಎತ್ತರದ ಮಂಚ ಇರಲಿಲ್ಲ. ಬಚ್ಚಲೂ ಇಲ್ಲ, ರಾತ್ರಿ ಟಾರ್ಚ್ ಹಿಡಿದು ಕ್ಯಾಂಪಿನ ಶೌಚಾಲಯಕ್ಕೆ ನಡೆಯಬೇಕು, ನಮ್ಮ ವಯಸ್ಸಿಗೆ ಅದು ಸಣ್ಣ ಮಾತಲ್ಲ. ಸಾಮಾನು ತುಂಬಿದ ಮೇಲೆ ಮೂತಿಯ ತೂಕ ನೋಡುವ ಕೆಲಸ ಕೊಟ್ಟಾಗ ಅವಳು ಸ್ವಲ್ಪ ಗೆಲುವಾದಳು. ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಮನೆಯ ತೂಕದ ಯಂತ್ರದ ಮೇಲೆ ಮರದ ತುಂಡು ನಿಲ್ಲಿಸಿ, ಅದರ ಮೇಲೆ ಮೂತಿ ಇಳಿಸಿದೆವು. "ನೂರಾ ಎಂಬತ್ತು!" ಎಂದು ಕೂಗಿದಳು. ಒಟ್ಟು ತೂಕ 1,500ರ ಆಸುಪಾಸು. ಸರಿಯಾಗಿತ್ತು.

ಸುಮಾರು ನಾಲ್ಕು ಗಂಟೆ ದಾರಿ ಹೋಗಿ ಇಟಾಸ್ಕ ಸರೋವರ ತಲುಪಿದೆವು. ಮಿಸಿಸಿಪ್ಪಿ ನದಿ ಹುಟ್ಟುವುದು ಅಲ್ಲೇ. ಅಷ್ಟು ದೊಡ್ಡ ನದಿಯನ್ನು ಪುಟ್ಟಿ ಕಲ್ಲಿನಿಂದ ಕಲ್ಲಿಗೆ ಹಾರಿ ದಾಟಿದಳು, ನಾನು ಪಂಚೆ ಎತ್ತಿ ಕಟ್ಟಿ ನೀರಿನಲ್ಲೇ ದಾಟಿದೆ. ರಾತ್ರಿ ನಾವು ಮೂವರು ಟ್ರೈಲರಿನಲ್ಲಿ, ಮಗಳು ಅಳಿಯ ಪಕ್ಕದ ಟೆಂಟಿನಲ್ಲಿ.

ನಡುರಾತ್ರಿ ಜೋರು ಮಳೆ ಬಂತು. ಟೆಂಟಿನವರಿಬ್ಬರೂ ಓಡಿ ಬಂದು ಒಳಗೆ ತೂರಿಕೊಂಡರು. ಕತ್ತಲಲ್ಲಿ ನಮ್ಮಾಕೆ ಎದ್ದು ಕೂತು, ಕಿಟಕಿಯ ಕೆಳಗೆ, ಮೂಲೆಯಲ್ಲಿ, ನೆಲದಂಚಿನಲ್ಲಿ ಅಂಗೈಯಿಂದ ಸವರಿ ನೋಡುತ್ತಿದ್ದದ್ದು ನನಗೆ ಕೇಳಿಸಿತು.

"ಒಣಗಿದೆ ರೀ," ಎಂದಳು. "ಮಲಗಿ."