ಅಡಿಕೆ ಧಾರಣೆಯ ಹಿಂದಿನ ಲೆಕ್ಕ

ದಕ್ಷಿಣ ಕನ್ನಡ, ಕಾಸರಗೋಡಿನ ಮನೆಗಳಲ್ಲಿ ಹಿರಿಯರು ಪತ್ರಿಕೆಯ ಅಡಿಕೆ ಧಾರಣೆಯನ್ನು ತಪ್ಪದೆ ನೋಡುತ್ತಾರೆ. ಮಕ್ಕಳ ಕಾಲೇಜು ಶುಲ್ಕ ಎಷ್ಟೋ ಮನೆಗಳಲ್ಲಿ ಅದರಿಂದಲೇ ಹುಟ್ಟಬೇಕು. ಆದರೆ ಮಂಗಳೂರು ಮಾರುಕಟ್ಟೆಯ ಈ ಧಾರಣೆ ಊರಿನ ಫಸಲನ್ನಷ್ಟೇ ಅವಲಂಬಿಸಿಲ್ಲ. ದೆಹಲಿಯ ಆದೇಶವೂ ಡಾಲರಿನ ಬೆಲೆಯೂ ಅದರಲ್ಲಿ ಸೇರಿರುತ್ತವೆ.

ಮೊದಲು ಆದೇಶದ ವಿಚಾರ. ವಿದೇಶದ ಅಗ್ಗದ ಅಡಿಕೆ ಒಳಗೆ ಬಂದರೆ ಇಲ್ಲಿನ ಧಾರಣೆ ಕುಸಿಯುತ್ತದೆ. ಇದನ್ನು ತಡೆಯಲು ಕೇಂದ್ರ ಸರಕಾರ ಆಮದು ಸುಂಕದ ಜೊತೆಗೆ ‘ಕನಿಷ್ಠ ಆಮದು ಬೆಲೆ’ಯನ್ನೂ ಗೊತ್ತುಮಾಡಿದೆ. 2017ರಲ್ಲಿ ಕಿಲೋಗೆ 251 ರೂ. ಎಂದು ನಿಗದಿಯಾಗಿದ್ದ ಇದನ್ನು 2023ರ ಫೆಬ್ರವರಿಯಲ್ಲಿ 351 ರೂ.ಗೆ ಏರಿಸಲಾಯಿತು. ಬಂದರಿಗೆ ತಲಪುವಾಗ ಇದಕ್ಕಿಂತ ಕಡಿಮೆ ಬೆಲೆಯಿರುವ ಅಡಿಕೆಗೆ ಸಾಮಾನ್ಯವಾಗಿ ಪ್ರವೇಶವಿಲ್ಲ. ಇದೊಂದು ಕಟ್ಟೆಯಿದ್ದಂತೆ.

ಇನ್ನು ಡಾಲರ್. ವಿದೇಶದ ಅಡಿಕೆಗೆ ಕಿಲೋಗೆ 4 ಡಾಲರ್ ಎಂದಿಟ್ಟುಕೊಳ್ಳಿ. ಡಾಲರಿಗೆ 80 ರೂ. ಇದ್ದರೆ ಅದು 320 ರೂ. ಆಯಿತು, ಕಟ್ಟೆ ದಾಟದು. ಡಾಲರ್ 90 ರೂ. ಆದರೆ ಅದೇ ಅಡಿಕೆ 360 ರೂ. ಆಗಿ ಕಟ್ಟೆ ದಾಟುತ್ತದೆ. ರೂಪಾಯಿ ಇಳಿದಾಗ ಆಮದು ದುಬಾರಿಯಾಗುವುದು ನಿಜ. ಆದರೆ ರೂಪಾಯಿಯಲ್ಲಿ ಕಟ್ಟಿದ ಕಟ್ಟೆಯೂ ತಗ್ಗುತ್ತದೆ. ಆದ್ದರಿಂದಲೇ ಇದನ್ನು ಆಗಾಗ ಪರಿಷ್ಕರಿಸಬೇಕೆಂಬ ಬೇಡಿಕೆ ಏಳುವುದು.

ಡಾಲರ್ ಏರಿದರೆ ಎಲ್ಲರಿಗೂ ಒಂದೇ ಫಲವಿಲ್ಲ. ನವಮಂಗಳೂರು ಬಂದರಿನಿಂದ ರಫ್ತಾಗುವ ಕಾಫಿಗೆ ಹೆಚ್ಚು ರೂಪಾಯಿ ಸಿಗುತ್ತದೆ. ಆಫ್ರಿಕಾದಿಂದ ಗೇರುಬೀಜ ತರಿಸುವ ಕಾರ್ಖಾನೆಗೆ ಖರ್ಚು ಏರುತ್ತದೆ. ಪೊಟ್ಯಾಷ್ ಗೊಬ್ಬರ ಬಹುತೇಕ ಹೊರಗಿನಿಂದಲೇ ಬರುವುದರಿಂದ ಅದರ ಹೊರೆ ಸರಕಾರದ ಸಬ್ಸಿಡಿಯ ಮೇಲೋ ರೈತನ ಮೇಲೋ ಬೀಳಲೇಬೇಕು.

ಲಾಭವಿದ್ದರೂ ಅದು ತಾನಾಗಿ ಬೆಳೆಗಾರನ ಕೈಸೇರದು. 1991ರ ಜುಲೈಯಲ್ಲಿ ರೂಪಾಯಿಯನ್ನು ಅಪಮೌಲ್ಯಗೊಳಿಸಿದಾಗ ಡಾಲರ್ ಸುಮಾರು 21 ರೂ.ನಿಂದ 26 ರೂ.ಗೆ ಏರಿತು. ಆದರೆ ಆಗ ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಗೇ ಒಪ್ಪಿಸಬೇಕಿತ್ತು. ಹಂತಹಂತವಾಗಿ ಸಡಿಲವಾದ ಈ ನಿಯಮ ಹೋಗಿ ಮುಕ್ತ ಮಾರಾಟ ಪೂರ್ಣವಾಗಿ ದೊರೆತದ್ದು 1996ರಲ್ಲಿ. ನಡುವೆ ನಿಂತದ್ದು ಸರಕಾರದ ನೀತಿ.

ಅಡಿಕೆಯಲ್ಲೂ ನೀತಿಯ ಮಾತು ಹೀಗೆಯೇ. ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟ ಕಾಲದಲ್ಲಿ, 1973ರಲ್ಲಿ, ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಸಹಕಾರಿ ಸಂಸ್ಥೆ ಖರೀದಿಸಿ ಮಾರುಕಟ್ಟೆಗೆ ಆಸರೆಯಾಗಬಲ್ಲದು. ಆಮದು ಸುಂಕ ಹಾಕುವ ಅಧಿಕಾರ ಅದಕ್ಕಿಲ್ಲ.

ಅಡಿಕೆ ಸಸಿ ಫಲ ಕೊಡಲು ಐದಾರು ವರ್ಷ ಬೇಕು. ಆದೇಶ ಬದಲಾಗಲು ಒಂದು ದಿನ ಸಾಕು. ಗದ್ದೆ ತೆಗೆದು ತೋಟ ಮಾಡುವ ಮುನ್ನ ಹೆತ್ತವರು ಇದನ್ನು ಯೋಚಿಸಬೇಕು. ವಿದ್ಯಾರ್ಥಿಗಳು ಒಂದು ತಿಂಗಳು ಅಡಿಕೆ ಧಾರಣೆಯನ್ನೂ ಡಾಲರಿನ ಬೆಲೆಯನ್ನೂ ಪಕ್ಕಪಕ್ಕದಲ್ಲಿ ಬರೆದಿಡಲಿ. ಅರ್ಥಶಾಸ್ತ್ರದ ಪಾಠ ಮನೆಯಂಗಳದಲ್ಲೇ ಒಣಗುತ್ತಿರುವುದು ಆಗ ಕಂಡೀತು.