ದಲಾಲಿ ತಪ್ಪಲ್ಲ, ಮುಚ್ಚಿಟ್ಟ ದಲಾಲಿ ತಪ್ಪು

ಮೂಡಲಗಿ ದನದ ಸಂತೆಗೆ ಹೋದವರಿಗೆ ದಲಾಲಿ ಅಂದರೇನು ಅಂತ ಹೇಳಬೇಕಾಗಿಲ್ಲ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ರೇಟು ಕುದುರಿಸುತ್ತಾರೆ. ರೇಟು ಮುಚ್ಚಿರುತ್ತದೆ, ಆದರೆ ದಲಾಲ ಎಲ್ಲರಿಗೂ ಕಾಣುತ್ತಾನೆ. ಅವನಿಗೆ ಇದರಾಗ ರೊಕ್ಕ ಐತಿ ಅಂತ ಎತ್ತು ಕೊಳ್ಳುವವನಿಗೂ ಗೊತ್ತು, ಮಾರುವವನಿಗೂ ಗೊತ್ತು. ಈಗ ಅದೇ ದಲಾಲಿ ಮೊಬೈಲಿಗೆ ಬಂದಿದೆ. ಇಲ್ಲಿ ಉಲ್ಟಾ. ರೇಟು ಬಯಲಿಗಿರುತ್ತದೆ, ದಲಾಲ ಟವೆಲ್ಲಿನ ಕೆಳಗೆ ಕೂತಿರುತ್ತಾನೆ. ಇದರಿಂದ ನಮ್ಮ ಮನೆತನಕ್ಕೆ ಬಿದ್ದ ಪೆಟ್ಟನ್ನು ಬರೆಯುತ್ತಿದ್ದೇನೆ.

ನಾನು ಕಲಿತದ್ದು ಏಳನೇ ಇಯತ್ತೆ. ಗೋಕಾಕ ತಾಲ್ಲೂಕಿನಲ್ಲಿ ಆರು ಎಕರೆ ಎರಿ ಹೊಲ, ಎಲ್ಲಾ ಮಳೆ ನಂಬಿದ್ದು. ಘಟಪ್ರಭಾ ಕಾಲುವೆ ನೀರು ನಮಗೆ ಹತ್ತುವುದಿಲ್ಲ. ಜೋಳ, ಕಡಲಿ, ಕುಸುಬಿ ಬೆಳೆಯುತ್ತೇನೆ. ಡಿಗ್ರಿ ಮುಗಿಸಿದ ಮಗ ಎರಡು ವರ್ಷದ ಹಿಂದೆ ಕನ್ನಡದಲ್ಲಿ ಒಂದು ವೆಬ್‌ಸೈಟ್ ಮಾಡಿದ. ನಾನು ಹೇಳುವುದು, ಅವನು ಬರೆಯುವುದು. ಬೀಜೋಪಚಾರ, ಹರಗುವ ಹದ, ಕಾಳಿಗೆ ಹುಳ ಬೀಳದಂತೆ ಇಡುವುದು, ಇಂಥವು. ಹುಕ್ಕೇರಿ ಕಡೆಯವರೂ ಫೋನು ಮಾಡಿ ಕೇಳುತ್ತಿದ್ದರು. ಆಮೇಲೆ ಅವನು ಅದರಲ್ಲಿ ಸಾಮಾನಿನ ಲಿಂಕು ಹಾಕತೊಡಗಿದ. ಇದಕ್ಕೆ ಅಫಿಲಿಯೇಟ್ ಮಾರ್ಕೆಟಿಂಗ್ ಅನ್ನುತ್ತಾರೆ.

ಹೇಗೆ ನಡೆಯುತ್ತದೆ?

ಲಿಂಕಿನಲ್ಲಿ ನಮ್ಮ ಗುರುತಿನ ನಂಬರು ಅಡಗಿರುತ್ತದೆ. ಯಾರಾದರೂ ಅದನ್ನು ಒತ್ತಿ ಹೋಗಿ ಸಾಮಾನು ಕೊಂಡರೆ ಕಂಪನಿ ನಮಗೆ ನೂರಕ್ಕೆ ಇಷ್ಟು ಅಂತ ಕೊಡುತ್ತದೆ. ಕೊಳ್ಳುವವನಿಗೆ ರೇಟು ಹೆಚ್ಚಾಗುವುದಿಲ್ಲ. ಅಮೆಜಾನ್ ಕಂಪನಿ ಅಮೆರಿಕದಲ್ಲಿ 1996ರಲ್ಲೇ ಪುಸ್ತಕ ಮಾರಲು ಇದನ್ನು ಶುರು ಮಾಡಿತು. ಅದು ಭಾರತದಲ್ಲಿ ಅಂಗಡಿ ತೆರೆದದ್ದು 2013ರಲ್ಲಿ. ಅವರ ಕರಾರು ಬಿಗಿ. ಸಾಮಾನ್ಯವಾಗಿ ಲಿಂಕು ಒತ್ತಿದ 24 ತಾಸಿನೊಳಗಿನ ಖರೀದಿಯೇ ಲೆಕ್ಕಕ್ಕೆ ಬರುತ್ತದೆ. ನಮ್ಮ ಲಿಂಕಿನಿಂದ ನಾವೇ ಕೊಂಡರೆ ದಲಾಲಿ ಇಲ್ಲ. ಸಾಮಾನು ವಾಪಸಾದರೆ ದಲಾಲಿಯೂ ವಾಪಸು.

ಲೆಕ್ಕ ಹಾಕಿ ನೋಡೋಣ. 3,000 ರೂಪಾಯಿಯ ಬ್ಯಾಟರಿ ಪಂಪಿಗೆ ನೂರಕ್ಕೆ 4ರಂತೆ 120 ರೂಪಾಯಿ. ತಿಂಗಳಿಗೆ 3,000 ಗಳಿಸಬೇಕಾದರೆ 25 ಪಂಪು ಹೋಗಬೇಕು, ಅಂದರೆ 75,000 ರೂಪಾಯಿ ವ್ಯಾಪಾರ. ಓದಿದ ನೂರು ಮಂದಿಯಲ್ಲಿ ಒಬ್ಬ ಕೊಂಡ ಅಂತ ಹಿಡಿದರೂ 2,500 ಮಂದಿ ಓದಬೇಕು. ಔಷಧ ಹೊಡೆಯುವುದು ಮುಗಿದ ಮೇಲೆ ಪಂಪು ಯಾರಿಗೆ ಬೇಕು? ‘ಮನೆಯಲ್ಲಿ ಕೂತು ಲಕ್ಷ ಗಳಿಸಿ’ ಅನ್ನುವವರು ಈ ಲೆಕ್ಕ ಹೇಳುವುದಿಲ್ಲ.

ಆದದ್ದು ಇಷ್ಟು

ಕಳೆದ ಹಿಂಗಾರಿಯಲ್ಲಿ ಬಾಜೂ ಹೊಲದ ಹಿರಿಯರು ಮಗನ ಬರಹ ನೋಡಿ ಒಂದು ಬ್ಯಾಟರಿ ಪಂಪು ತರಿಸಿದರು. ‘ಚಲೋ ಪಂಪು, ರೈತರಿಗೆ ಹೇಳಿ ಮಾಡಿಸಿದ್ದು’ ಅಂತ ಮಗ ಬರೆದಿದ್ದ. ಅದನ್ನು ಅವನು ಮುಟ್ಟಿಯೂ ನೋಡಿರಲಿಲ್ಲ. ನಮ್ಮ ಮನೆಯಲ್ಲಿ ಇರುವುದು ಹಳೆಯ ಕೈಪಂಪು. ಅವರ ಕಡಲಿಗೆ ಕಾಯಿಕೊರಕ ಬಿದ್ದ ಹೊತ್ತಿಗೆ ಪಂಪು ಎರಡನೇ ದಿನಕ್ಕೆ ನಿಂತಿತು. ವಾಪಸು ಕಳಿಸಿ ರೊಕ್ಕ ಬರಲು ಒಂಬತ್ತು ದಿನ. ಹುಳ ಒಂಬತ್ತು ದಿನ ಕಾಯುತ್ತದೆಯೇ?

ಲಿಂಕಿನ ವಿಷಯ ಅವರಿಗೆ ಮೊಮ್ಮಗನಿಂದ ತಿಳಿಯಿತು. ನಮ್ಮ ಕಟ್ಟೆಗೆ ಬಂದು ಕೇಳಿದರು: ‘ಏನೋ ತಮ್ಮಾ, ನಿನ್ನ ಮಗ ನನ್ನ ಮ್ಯಾಲೆ ಎಷ್ಟ ಗಳಿಸಿದ?’ ನನಗೆ ಬಾಯಿ ಬರಲಿಲ್ಲ. ಆ ಲಿಂಕಿನಲ್ಲಿ ರೊಕ್ಕ ಐತಿ ಅಂತ ನನಗೂ ಅಂದೇ ಗೊತ್ತಾದದ್ದು. ಪಂಪು ವಾಪಸಾಗಿ ಆ 120 ರೂಪಾಯಿಯೂ ಕಟ್ ಆಗಿತ್ತು. ಮೂವತ್ತು ವರ್ಷ ಒಂದೇ ಬದುವಿನಲ್ಲಿ ಕೂತು ಬುತ್ತಿ ಉಂಡವರು ನಾವು.

ಅಂಗಡಿಯವ ತನ್ನ ಮಾಲನ್ನು ಹೊಗಳಿದರೆ ನಾವು ಅರ್ಧ ನಂಬುತ್ತೇವೆ, ಯಾಕೆಂದರೆ ಅವನು ಅಂಗಡಿಯವ. ರೈತ ಹೇಳಿದರೆ ಪೂರ್ತಿ ನಂಬುತ್ತೇವೆ. ಆ ನಂಬಿಕೆಯನ್ನೇ ಗೊತ್ತಿಲ್ಲದಂತೆ ಮಾರಿಕೊಂಡದ್ದು ತಪ್ಪು. ದಲಾಲಿ ತಗೊಂಡದ್ದು ತಪ್ಪಲ್ಲ. ಮಳೆ ಕೈಕೊಟ್ಟ ವರ್ಷ ಮನೆಗೆ ನಾಕು ಕಾಸು ಬಂದರೆ ಬೇಡ ಅನ್ನುವವನು ನಾನಲ್ಲ. ನಮ್ಮ ಹುಡುಗರಿಗೆ ನಾನು ಹೇಳುವುದು ನಾಲ್ಕೇ ಮಾತು.

ಒಂದು, ಒಂದು ಹಂಗಾಮಾದರೂ ನಮ್ಮ ಹೊಲದಲ್ಲಿ ಬಳಸದ ಸಾಮಾನಿನ ಲಿಂಕು ಬೇಡ. ಅದರ ಕೊರತೆಯನ್ನೂ ಬರೆಯಿರಿ.

ಎರಡು, ‘ನೀವು ಕೊಂಡರೆ ನನಗೆ ದಲಾಲಿ ಬರುತ್ತದೆ’ ಅಂತ ಮೇಲೆಯೇ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಹಾಕಿ. ಲಾಭದ ಸಂಬಂಧವನ್ನು ಎದ್ದು ಕಾಣುವಂತೆ ತಿಳಿಸಬೇಕು ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಕೊಟ್ಟಿದೆ.

ಮೂರು, ಬೀಜ ಮತ್ತು ಕೀಟನಾಶಕಕ್ಕೆ ಲಿಂಕು ಬೇಡವೇ ಬೇಡ. ಪರವಾನಗಿ ಇದ್ದವರು ಕೀಟನಾಶಕವನ್ನು ಆನ್‌ಲೈನಿನಲ್ಲಿ ಮಾರಬಹುದು ಅಂತ 2022ರಲ್ಲಿ ನಿಯಮ ಬಂದಿದೆ, ಖರೆ. ಆದರೆ ಊರ ಅಂಗಡಿಗೆ ರೋಗದ ಎಲೆ ಹಿಡಿದುಕೊಂಡು ಹೋಗಬಹುದು, ಕೆಟ್ಟರೆ ಮತ್ತೆ ಹೋಗಿ ಕೇಳಬಹುದು. ಬೆಳೆ ನೋಡದ ಹುಡುಗನ ಲಿಂಕನ್ನು ಏನಂತ ಕೇಳುವುದು?

ನಾಲ್ಕು, ಸೇರಲು ರೊಕ್ಕ ಕೇಳಿದರೆ ಹಿಂದೆ ಸರಿಯಿರಿ. ಖರೆ ಕಂಪನಿಗಳು ಸೇರಿಸಿಕೊಳ್ಳಲು ಪೈಸೆ ಕೇಳುವುದಿಲ್ಲ. ‘ನೀವು ಕಟ್ಟಿ, ಇನ್ನಿಬ್ಬರನ್ನು ಸೇರಿಸಿ’ ಅನ್ನುವುದು ಚೈನ್ ಆಟ. ಅಂಥದಕ್ಕೆ 1978ರಿಂದಲೇ ನಿಷೇಧದ ಕಾನೂನು ಇದೆ.

ಮಗ ಪಂಪಿನ ಬರಹ ತೆಗೆದು, ಆದದ್ದನ್ನು ಆದಂತೆ ಬರೆದ. ಈಗ ನಾವು ಬಳಸುವ ಎರಡೇ ಸಾಮಾನಿನ ಲಿಂಕು ಉಳಿದಿದೆ. ಬರುವ ರೊಕ್ಕ ವೆಬ್‌ಸೈಟಿನ ಖರ್ಚಿಗೂ ಸಾಲದು.

ಯುಗಾದಿಗೆ ಬೇವು-ಬೆಲ್ಲ ಹಿಡಿದುಕೊಂಡು ಆ ಹಿರಿಯರ ಮನೆಗೆ ಹೋದೆ. ‘ಅಣ್ಣಾ, ತಗೋರಿ’ ಅಂದೆ. ತಗೊಂಡರು, ಮಾತಾಡಲಿಲ್ಲ. ನಿಮ್ಮ ಊರಲ್ಲಿ ಹೀಗೆ ಲಿಂಕಿನಿಂದ ಪ್ರಾಮಾಣಿಕವಾಗಿ ಗಳಿಸಿದವರಿದ್ದರೆ, ಕಳೆದುಕೊಂಡವರಿದ್ದರೆ, ಲೆಕ್ಕ ಸಮೇತ ಇದೇ ಪತ್ರಿಕೆಗೆ ಬರೆಯಿರಿ. ನಾವೂ ಓದಿ ತಿಳಿದುಕೊಳ್ಳುತ್ತೇವೆ.